ಊಟಿಯ ಮ್ಯೂಆನ್‌ಗಳಿಂದ ಸಡ್‌ಬರಿಯ ಗುಳ್ಳೆಗಳವರೆಗೆ

ಊಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ನೆಂಟರೆಲ್ಲ ನಗುತ್ತಿದ್ದರು. "ಜನ ಊಟಿಗೆ ಹನಿಮೂನಿಗೆ ಹೋಗ್ತಾರೆ, ಇವಳು ಓದೋಕೆ ಹೋಗಿದ್ದಾಳೆ" ಎಂದು ನಮ್ಮ ದೊಡ್ಡಪ್ಪ ಕಂಡವರಿಗೆಲ್ಲ ಹೇಳುತ್ತಿದ್ದರು. ಅವರನ್ನು ಅಂದು ಪ್ರಯೋಜನವಿಲ್ಲ. ಊಟಿಯ ಕೆರೆ, ದೋಣಿ, ವರ್ಕಿ, ಚಾಕೊಲೇಟು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ, ಸಮುದ್ರ ಮಟ್ಟದಿಂದ 2200 ಮೀಟರ್ ಎತ್ತರದಲ್ಲಿ, ಸುಮಾರು 400 ಡಿಟೆಕ್ಟರ್‌ಗಳು ಆಕಾಶದಿಂದ ಬೀಳುವ ಕಣಗಳನ್ನು ಹಗಲೂ ರಾತ್ರಿ ಎಣಿಸುತ್ತಾ ಕೂತಿವೆ ಎಂಬುದು ಪ್ರವಾಸಕ್ಕೆ ಹೋದವರಿಗೆ ಹೇಗೆ ಗೊತ್ತಾಗಬೇಕು?

ಆ ಪ್ರಯೋಗದ ಹೆಸರು ಗ್ರೇಪ್ಸ್-3. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿ ಟಿಐಎಫ್‌ಆರ್, ಇದನ್ನು ನಡೆಸುತ್ತದೆ. ಜಪಾನಿನ ವಿಜ್ಞಾನಿಗಳೂ ಮೊದಲಿಂದ ಜೊತೆಗಿದ್ದಾರೆ. ಒಂದೊಂದು ಡಿಟೆಕ್ಟರ್ 1 ಚದರ ಮೀಟರ್ ಅಗಲ. ಒಂದರಿಂದ ಇನ್ನೊಂದಕ್ಕೆ 8 ಮೀಟರ್ ದೂರ. ಬಾಹ್ಯಾಕಾಶದಿಂದ ಬಂದ ಒಂದು ಪ್ರೋಟಾನ್ (ಇಂಥ ಕಣಗಳಿಗೇ ಕಾಸ್ಮಿಕ್ ಕಿರಣ ಎನ್ನುವುದು) ಮೇಲೆಲ್ಲೋ ಗಾಳಿಯ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಅದರಿಂದ ಹುಟ್ಟಿದ ಕಣಗಳು ಮತ್ತೆ ಡಿಕ್ಕಿ ಹೊಡೆಯುತ್ತವೆ. ಹೀಗೆ ಬೆಳೆಯುತ್ತಾ ಹೋಗಿ ನೆಲ ಮುಟ್ಟುವ ಹೊತ್ತಿಗೆ ಲಕ್ಷಾಂತರ ಕಣಗಳ ಸುರಿಮಳೆ. ಯಾವ ಡಿಟೆಕ್ಟರ್‌ಗೆ ಮೊದಲು ತಾಗಿತು, ಯಾವುದಕ್ಕೆ ಕೆಲವು ನ್ಯಾನೊಸೆಕೆಂಡ್ ತಡವಾಗಿ ತಾಗಿತು ಎಂದು ನೋಡಿದರೆ ಮೂಲ ಕಣ ಯಾವ ದಿಕ್ಕಿನಿಂದ ಬಂತೆಂದು ಹೇಳಬಹುದು.

ನಾನು ಹುಟ್ಟಿ ಬೆಳೆದದ್ದು ಬಂಗಾರಪೇಟೆ. ಅಪ್ಪ ಕೆಜಿಎಫ್‌ನ ಬೆಮೆಲ್‌ನಲ್ಲಿ ಫಿಟ್ಟರ್. ನಾನು ಹೈಸ್ಕೂಲಿನಲ್ಲಿದ್ದಾಗ, 2001ರಲ್ಲಿ, ಚಿನ್ನದ ಗಣಿ ಮುಚ್ಚಿತು. ನಮಗೆ ಕೆಜಿಎಫ್ ಅಂದರೆ ಸೈನೈಡ್ ದಿಬ್ಬ, ಕೆಲಸ ಹೋದ ಮನೆಗಳು, ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಸೀಟಿಗೆ ನೂಕಾಟ, ಅಷ್ಟೇ. ಅದೇ ಗಣಿಯ ಆಳದಲ್ಲಿ ಜಗತ್ತಿಗೆ ಹೊಸದಾದ ಭೌತಶಾಸ್ತ್ರ ನಡೆದಿತ್ತು ಎಂದು ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಎಂಎಸ್ಸಿ ಓದುವಾಗ ಒಬ್ಬರು ಮೇಷ್ಟ್ರು ಪಾಠದ ನಡುವೆ "1965ರಲ್ಲಿ ಕೆಜಿಎಫ್‌ನಲ್ಲಿ" ಎಂದರು. ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ.

ಕಥೆ ಹೀಗಿದೆ. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಟಿಐಎಫ್‌ಆರ್ ಸೇರಿದಾಗ ಅಲ್ಲಿ ಹೋಮಿ ಭಾಭಾ ಇದ್ದರು. ಕಣಗಳ ಆ ಸುರಿಮಳೆಯಲ್ಲಿ ಮ್ಯೂಆನ್ ಎಂಬುದೂ ಇರುತ್ತದೆ, ಎಲೆಕ್ಟ್ರಾನಿನ ಭಾರವಾದ ಅಣ್ಣ ಅನ್ನಿ. ನೆಲದಡಿ ಎಷ್ಟು ಆಳದವರೆಗೆ ಈ ಮ್ಯೂಆನ್‌ಗಳು ಇಳಿಯುತ್ತವೆ ಎಂದು ಅಳೆಯಬೇಕಿತ್ತು. ಅದಕ್ಕೆ ಕೋಲಾರದ ಗಣಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? 1950ರ ದಶಕದ ಆರಂಭದಲ್ಲಿ ಶ್ರೀಕಂಠನ್ ಉಪಕರಣ ಹೊತ್ತು ಗಣಿಗೆ ಇಳಿದರು. ಮುಂದಿನ ವರ್ಷಗಳಲ್ಲಿ ಅವರ ತಂಡ ಇನ್ನೂ ಆಳಕ್ಕೆ ಹೋಯಿತು. ತೀರಾ ಕೆಳಗಿನ ಹಂತದಲ್ಲಿ ವಾರಗಟ್ಟಲೆ ಕಾದರೂ ಒಂದೂ ಮ್ಯೂಆನ್ ಬರಲಿಲ್ಲ. ಬೇರೆಯವರಾಗಿದ್ದರೆ ಗಂಟು ಮೂಟೆ ಕಟ್ಟುತ್ತಿದ್ದರು. ಇವರು ಯೋಚಿಸಿದ್ದೇ ಬೇರೆ. ಇಷ್ಟು ಸದ್ದಿಲ್ಲದ ಜಾಗದಲ್ಲಿ ಏನಾದರೂ ಬಂದರೆ ಅದು ಭೂಮಿಯನ್ನೇ ತೂರಿ ಹೋಗಬಲ್ಲ ನ್ಯೂಟ್ರಿನೋ ಎಂಬ ಕಣದಿಂದಲೇ ಬಂದಿರಬೇಕು, ಅಲ್ವಾ? ಡಿಟೆಕ್ಟರ್‌ಗಳನ್ನು 2.3 ಕಿಲೋಮೀಟರ್ ಆಳದಲ್ಲಿಟ್ಟು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆ ಸೇರಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಇಂಥದೇ ಪ್ರಯೋಗ ನಡೆದು ಅಲ್ಲೂ ಸಿಕ್ಕಿತು.

ಆಮೇಲೆ ನಾನು ಈ ದಾರಿ ಬಿಡಲಿಲ್ಲ. ಜೆಸ್ಟ್, ನೆಟ್, ಟಿಐಎಫ್‌ಆರ್ ಪ್ರವೇಶ ಪರೀಕ್ಷೆ ಎಲ್ಲ ಬರೆದೆ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ಈಗಲೂ ನನ್ನ ವಿದ್ಯಾರ್ಥಿಗಳಿಗೆ ಕೇಳುತ್ತೇನೆ. ಮ್ಯೂಆನ್‌ನ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಬೆಳಕೇ 660 ಮೀಟರ್ ಹೋಗುತ್ತದೆ. ಮ್ಯೂಆನ್ ಹುಟ್ಟುವುದು ಹತ್ತು-ಹದಿನೈದು ಕಿಲೋಮೀಟರ್ ಮೇಲೆ. ಮತ್ತೆ ನೆಲಕ್ಕೆ ಹೇಗೆ ತಲುಪುತ್ತದೆ? ಸಾಪೇಕ್ಷತೆಯ ಪಾಠ ನೆನಪಿದ್ದವರಿಗೆ ಉತ್ತರ ಸುಲಭ. ವೇಗವಾಗಿ ಓಡುವ ಮ್ಯೂಆನ್‌ನ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. ಆದರೆ ಐದು ಜನ ದಿಟ್ಟಿಸಿ ನೋಡುತ್ತಾ ಕೂತಿರುವಾಗ ಸುಲಭದ್ದೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

2011ರಲ್ಲಿ ಸೇರಿದೆ. ಆಗ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರ ಫೆಲೋಶಿಪ್, ತಿಂಗಳಿಗೆ 16,000 ರೂಪಾಯಿ. ನನ್ನ ಜೊತೆ ಓದಿ ಸಾಫ್ಟ್‌ವೇರ್ ಸೇರಿದವರ ಸಂಬಳ ಕೇಳಿ ಅಮ್ಮ ಸ್ವಲ್ಪ ದಿನ ಮಾತು ಕಡಿಮೆ ಮಾಡಿದರು. ಮುಂಬೈನಲ್ಲಿ ಕೋರ್ಸುಗಳು ಮುಗಿದವು, ಊಟಿಗೆ ಹೋದೆ.

ಊಟಿಯಲ್ಲಿ ನನ್ನನ್ನು ಮೊದಲು ಹಿಡಿದುಕೊಂಡದ್ದು ಮ್ಯೂಆನ್ ಟೆಲಿಸ್ಕೋಪು. ಹೆಸರು ಟೆಲಿಸ್ಕೋಪ್ ಆದರೂ ಮಸೂರವೂ ಇಲ್ಲ, ಕನ್ನಡಿಯೂ ಇಲ್ಲ. ಉಗ್ರಾಣದಂಥ ಕಟ್ಟಡದೊಳಗೆ ಚೌಕಾಕಾರದ ಉಕ್ಕಿನ ಕೊಳವೆಗಳನ್ನು ನಾಲ್ಕು ಪದರವಾಗಿ ಪೇರಿಸಿದ್ದಾರೆ. ಒಂದೊಂದು ಕೊಳವೆ 6 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಇಂಥವು 3712 ಇವೆ. ಮೇಲೆ 2 ಮೀಟರ್ ದಪ್ಪಕ್ಕೆ ಕಾಂಕ್ರೀಟ್ ಹೇರಿದ್ದಾರೆ. ಎಲೆಕ್ಟ್ರಾನ್ ಗಿಲೆಕ್ಟ್ರಾನ್ ಎಲ್ಲ ಅದರಲ್ಲೇ ನಿಲ್ಲುತ್ತವೆ, ಮ್ಯೂಆನ್ ಮಾತ್ರ ಕೆಳಗಿಳಿಯುತ್ತದೆ. ಒಟ್ಟು 560 ಚದರ ಮೀಟರ್. ದಿನಕ್ಕೆ ಸುಮಾರು 400 ಕೋಟಿ ಮ್ಯೂಆನ್ ದಾಖಲಾಗುತ್ತವೆ.

ಆ ಕೊಳವೆಗಳು ಎಲ್ಲಿಂದ ಬಂದವು ಎಂದು ಒಬ್ಬರು ಹಿರಿಯ ಟೆಕ್ನಿಶಿಯನ್ ಹೇಳಿದಾಗ ನಾನು ನಂಬಲಿಲ್ಲ. ಕೆಜಿಎಫ್‌ನಲ್ಲಿ 1980ರ ದಶಕದಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ನೋಡುವ ಪ್ರಯೋಗ ಇತ್ತು. ಅದು ನಿಂತ ಮೇಲೆ ಅಲ್ಲಿನ ಕೊಳವೆಗಳನ್ನು ಊಟಿಗೆ ಸಾಗಿಸಿದರಂತೆ. ನಮ್ಮೂರಿನ ಗಣಿಯಿಂದ ಮೇಲೆ ಬಂದ ಉಕ್ಕಿನ ಮುಂದೆ ನಿಂತು ನಾನು ಪಿಎಚ್‌ಡಿ ಶುರು ಮಾಡಿದ್ದೆ. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಗೇಜ್ ಎಷ್ಟು, ತುಕ್ಕು ಹಿಡಿದಿಲ್ವಾ?" ಎಂದು ಕೇಳಿದರು. ಫಿಟ್ಟರ್ ಕೇಳಬೇಕಾದ ಪ್ರಶ್ನೆಯೇ ಅದು. ಗೋಡೆ 2.3 ಮಿಲಿಮೀಟರ್ ದಪ್ಪ ಎಂದು ತಿಳಿದುಕೊಂಡು ಹೇಳಿದೆ. ಸಮಾಧಾನವಾಯಿತು.

ಹಳೆಯ ಟೆಲಿಸ್ಕೋಪಿನ ಪಕ್ಕದಲ್ಲಿ ಇನ್ನೊಂದನ್ನು ಕಟ್ಟುವ ಕೆಲಸವೂ ಆ ವರ್ಷಗಳಲ್ಲಿ ನಡೆಯುತ್ತಿತ್ತು. ಹಾಗಾಗಿ ಕೊಳವೆ ತಯಾರಿಸುವುದನ್ನು ಕಣ್ಣಾರೆ ನೋಡಿದೆ, ಕೈಯಾರೆ ಮಾಡಿದೆ. ಮೊದಲು ಒಳಗಿನ ಎಣ್ಣೆ, ತುಕ್ಕು ಎಲ್ಲ ತೊಳೆದು ತೆಗೆಯಬೇಕು. ಆಮೇಲೆ ನಟ್ಟ ನಡುವೆ, ಈ ತುದಿಯಿಂದ ಆ ತುದಿಗೆ, ಟಂಗ್‌ಸ್ಟನ್ ತಂತಿ ಎಳೆಯಬೇಕು. ತಂತಿಯ ದಪ್ಪ 100 ಮೈಕ್ರಾನ್, ಅಂದರೆ ಒಂದು ತಲೆಕೂದಲಷ್ಟು. ಬೆರಳಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಉಳಿಯುತ್ತದೆ. ಬಾಗಿದರೆ ಆ ತಂತಿ ಹೋಯಿತು. ಎರಡೂ ತುದಿ ಮುಚ್ಚಿ, ಗಾಳಿ ಎಳೆದು, ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿ, ಕೊನೆಗೆ ಗ್ಯಾಸ್ ತುಂಬಬೇಕು. ಹತ್ತರಲ್ಲಿ ಒಂಬತ್ತು ಪಾಲು ಆರ್ಗಾನ್, ಒಂದು ಪಾಲು ಮೀಥೇನ್. ಮ್ಯೂಆನ್ ಹಾದು ಹೋದರೆ ಗ್ಯಾಸಿನಲ್ಲಿ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ, ತಂತಿಯ ಕಡೆ ಓಡುತ್ತವೆ, ಸಣ್ಣದೊಂದು ಮಿಡಿತ ಬರುತ್ತದೆ. ತಂತಿ ಎಳೆಯುವ ಕೆಲಸದಲ್ಲಿ ಪಳಗಿದವರಲ್ಲಿ ಸುತ್ತಲಿನ ಹಟ್ಟಿಗಳ ಬಡಗರು ಇದ್ದರು. ನಾನು ಕನ್ನಡದಲ್ಲಿ ಮಾತಾಡಿದರೆ ಅವರು ಬಡಗದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಭಾಗಕ್ಕೆ ಟೀ ಇತ್ತು.

ಉಳಿದ ಪಿಎಚ್‌ಡಿ ಎಲ್ಲರದ್ದರ ಹಾಗೇ, ಕಂಪ್ಯೂಟರ್ ಮುಂದೆ. ಕೋರ್ಸಿಕಾ ಎಂಬ ಪ್ರೋಗ್ರಾಮ್ ಇದೆ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ್ದು. ಕಣಗಳ ಸುರಿಮಳೆಯನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸುತ್ತದೆ. ಅದನ್ನು ಓಡಿಸು, ನಿಜವಾದ ಡೇಟಾ ಜೊತೆ ಹೋಲಿಸು, ಹೊಂದದಿದ್ದರೆ ಯಾಕೆಂದು ತಲೆ ಕೆರೆದುಕೋ. ವರ್ಷಗಳು ಹೀಗೇ ಹೋದವು.

ಆದರೆ ಒಂದು ಕೆಲಸ ಮಾತ್ರ ನನಗೆ ಬಹಳ ಇಷ್ಟವಾಗಿತ್ತು. ನಿಮ್ಮ ಡಿಟೆಕ್ಟರ್ ಸರಿಯಾದ ದಿಕ್ಕು ತೋರಿಸುತ್ತಿದೆ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುತ್ತೀರಿ? ಕಾಸ್ಮಿಕ್ ಕಿರಣಗಳು ಎಲ್ಲ ಕಡೆಯಿಂದಲೂ ಹೆಚ್ಚು ಕಡಿಮೆ ಒಂದೇ ಸಮ ಬರುತ್ತವೆ, ಗುರುತಿಗೆ ಒಂದು ನಕ್ಷತ್ರವೂ ಇಲ್ಲ. ಉಪಾಯ ಏನೆಂದರೆ ಚಂದ್ರ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿ ಜಾಗ ಮುಚ್ಚುತ್ತಾನೆ. ಅವನ ಹಿಂದಿನಿಂದ ಬರುವ ಕಣಗಳು ಅವನಿಗೇ ಬಡಿದು ನಿಲ್ಲುತ್ತವೆ. ವರ್ಷಗಟ್ಟಲೆ ಡೇಟಾ ಒಟ್ಟು ಮಾಡಿ ಚಂದ್ರನಿದ್ದ ಜಾಗದ ಸುತ್ತ ಲೆಕ್ಕ ಹಾಕಿದರೆ ಅಲ್ಲೊಂದು ಕೊರತೆ ಕಾಣುತ್ತದೆ. ಕೊರತೆ ಸರಿಯಾಗಿ ನಡುವೆಯೇ ಬಂದರೆ ದಿಕ್ಕು ಸರಿ, ಎಷ್ಟು ಹರಡಿದೆ ಎಂಬುದು ಡಿಟೆಕ್ಟರಿನ ಚುರುಕನ್ನು ಹೇಳುತ್ತದೆ. ಏನು ಬಂತು ಎಂದು ನೋಡುವುದು ಬಿಟ್ಟು ಏನು ಬರಲಿಲ್ಲ ಎಂದು ನೋಡುವ ಲೆಕ್ಕ ಇದು. ಮುಂದೆ ಹೊಟ್ಟೆಪಾಡು ಇದರಲ್ಲೇ ಎಂದು ಆಗ ಗೊತ್ತಿರಲಿಲ್ಲ.

ಮಳೆಗಾಲದ ಗುಡುಗು ಮಿಂಚು ಬಂದರೆ ಎಲ್ಲರಿಗೂ ಕಿರಿಕಿರಿ. ಮ್ಯೂಆನ್ ಲೆಕ್ಕ ಏರುಪೇರಾಗುತ್ತದೆ, ಆ ಹೊತ್ತಿನ ಡೇಟಾ ಬೇರೆ ಇಡಬೇಕು. ಗ್ರೇಪ್ಸ್ ತಂಡದ ಹಿರಿಯರು ಆ ಕಿರಿಕಿರಿಯನ್ನೇ ಹಿಡಿದು ಕೂತರು. 2014ರ ಡಿಸೆಂಬರ್ 1ರಂದು ಒಂದು ಗುಡುಗಿನ ಮೋಡ ಊಟಿಯ ಮೇಲೆ ಹಾದು ಹೋದಾಗ 18 ನಿಮಿಷ ಮ್ಯೂಆನ್‌ಗಳು ಸುಮಾರು ಶೇಕಡ 2ರಷ್ಟು ಕಡಿಮೆಯಾಗಿದ್ದವು. ಮ್ಯೂಆನ್‌ಗೆ ವಿದ್ಯುದಾವೇಶ ಇದೆ, ಮೋಡದ ವಿದ್ಯುತ್ತು ಅದರ ಶಕ್ತಿ ಕದಿಯುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಮೋಡದಲ್ಲಿದ್ದದ್ದು 130 ಕೋಟಿ ವೋಲ್ಟ್! ಬಲೂನುಗಳು ಅದುವರೆಗೆ ಅಳೆದಿದ್ದಕ್ಕಿಂತ ಹತ್ತು ಪಟ್ಟು. ಮೋಡದಲ್ಲಿ ಇಷ್ಟು ವೋಲ್ಟೇಜ್ ಇರಬಹುದೆಂದು 1929ರಲ್ಲೇ ಭೌತವಿಜ್ಞಾನಿ ಸಿ. ಟಿ. ಆರ್. ವಿಲ್ಸನ್ ಅಂದಾಜು ಮಾಡಿದ್ದರು. 2019ರಲ್ಲಿ ಫಲಿತಾಂಶ ಪ್ರಕಟವಾದಾಗ ನಾನು ಕೆನಡಾದಲ್ಲಿದ್ದೆ. ಅಲ್ಲಿನ ಲ್ಯಾಬಿನವರು "ನಿಮ್ಮ ಊಟಿ ಸುದ್ದಿಯಲ್ಲಿದೆ" ಎಂದು ತಂದು ತೋರಿಸಿದರು. ಹೆಮ್ಮೆ ಆಯಿತು, ಸ್ವಲ್ಪ ಹೊಟ್ಟೆ ಉರಿಯೂ ಆಯಿತು.

ಕೆನಡಾಕ್ಕೆ ಯಾಕೆ ಹೋದೆ ಎಂದು ಹೇಳಬೇಕು. 2013ರಲ್ಲಿ, ಬಾಹ್ಯಾಕಾಶ ನಿಲ್ದಾಣದ ಮೇಲೆ ಕೂರಿಸಿರುವ ಎಎಂಎಸ್ ಉಪಕರಣದ ಮೊದಲ ಫಲಿತಾಂಶ ಬಂತು. ಕಾಸ್ಮಿಕ್ ಕಿರಣಗಳಲ್ಲಿ ಪಾಸಿಟ್ರಾನ್‌ಗಳು, ಅಂದರೆ ಎಲೆಕ್ಟ್ರಾನಿನ ಪ್ರತಿಕಣಗಳು, ಲೆಕ್ಕಕ್ಕಿಂತ ಜಾಸ್ತಿ ಇವೆ. ಅದಕ್ಕೂ ಮೊದಲು ಪಮೇಲಾ ಎಂಬ ಉಪಗ್ರಹದ ಪ್ರಯೋಗವೂ ಇದನ್ನೇ ಹೇಳಿತ್ತು. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದಷ್ಟೇ ಇದೆಯೆಂದು ಗೊತ್ತಾಗಿರುವ ದ್ರವ್ಯ. ಅದರ ಕಣಗಳು ಒಂದನ್ನೊಂದು ನುಂಗಿಕೊಂಡು ಪಾಸಿಟ್ರಾನ್ ಕೊಡುತ್ತಿವೆಯೋ, ಹತ್ತಿರದ ಪಲ್ಸಾರ್‌ಗಳದ್ದೋ (ಗಿರಗಿರ ತಿರುಗುವ ಸತ್ತ ನಕ್ಷತ್ರಗಳು) ಎಂದು ಮೆಸ್ಸಿನಲ್ಲಿ ಊಟ ತಣ್ಣಗಾಗುವವರೆಗೆ ಜಗಳ. ಈ ಜಗಳ ಈಗಲೂ ಪೂರ್ತಿ ತೀರಿಲ್ಲ. ಆದರೆ ನನಗೆ ಆಗಲೇ ಅನ್ನಿಸಿತ್ತು, ಆಕಾಶದಿಂದ ಬರುವ ಸುಳಿವಿಗೆ ಯಾವಾಗಲೂ ಇನ್ನೊಂದು ವಿವರಣೆ ಇದ್ದೇ ಇರುತ್ತದೆ. ಡಾರ್ಕ್ ಮ್ಯಾಟರ್ ಬೇಕಿದ್ದರೆ ಅದು ನೇರವಾಗಿ ನಮ್ಮ ಡಿಟೆಕ್ಟರಿಗೇ ತಗುಲಬೇಕು.

ಭಾರತದಲ್ಲೇ ಉಳಿಯುವ ಆಸೆ ಇತ್ತು. ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದ ಒಳಗೆ ನ್ಯೂಟ್ರಿನೋ ವೀಕ್ಷಣಾಲಯ ಬರುತ್ತದೆ, ಅಲ್ಲಿ ಡಾರ್ಕ್ ಮ್ಯಾಟರ್‌ಗೂ ಜಾಗ ಇರುತ್ತದೆ ಎಂದು ನನ್ನ ತಲೆಮಾರಿನವರೆಲ್ಲ ನಂಬಿಕೊಂಡಿದ್ದೆವು. 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಆಮೇಲೆ ವಿರೋಧ, ಕೋರ್ಟು, ಅನುಮತಿಗಳ ನಡುವೆ ಅದು ನಿಂತೇ ಹೋಯಿತು. ಯಾರು ಸರಿ ಎಂಬ ವಾದ ಇಲ್ಲಿ ಬೇಡ. ನಮ್ಮ ಪಾಲಿಗೆ ಆದದ್ದು ಇಷ್ಟು: ಕೆಜಿಎಫ್‌ನಲ್ಲಿ ಪಂಪು ನಿಂತು ನೀರು ತುಂಬಿಕೊಂಡಿತ್ತು, ಬೋಡಿಯಲ್ಲಿ ಸುರಂಗ ಶುರುವಾಗಲಿಲ್ಲ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಸಣ್ಣ ಲ್ಯಾಬ್ 2017ರಲ್ಲಿ ತೆರೆಯಿತು. ಅಷ್ಟರಲ್ಲಿ ನಾನು ಸ್ನೋಲ್ಯಾಬ್‌ಗೆ ಹೊರಟಾಗಿತ್ತು.

ಸ್ನೋಲ್ಯಾಬ್ ಇರುವುದು ಕೆನಡಾದ ಸಡ್‌ಬರಿಯಲ್ಲಿ, ಕ್ರೈಟನ್ ನಿಕ್ಕಲ್ ಗಣಿಯೊಳಗೆ, 2 ಕಿಲೋಮೀಟರ್ ಆಳದಲ್ಲಿ. ಗಣಿ ಇನ್ನೂ ನಡೆಯುತ್ತಿದೆ. ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ, ಮೈತುಂಬ ಕವರಾಲ್, ಉಕ್ಕಿನ ಮೂತಿಯ ಬೂಟು, ತಲೆಗೆ ಲೈಟು, ಸೊಂಟಕ್ಕೆ ಬೆಂಕಿ ಹೊಗೆಯಿಂದ ಉಸಿರು ಉಳಿಸುವ ಡಬ್ಬಿ ಕಟ್ಟಿಕೊಂಡು, ನಮ್ಮ ಬಿಲ್ಲೆಯನ್ನು ಬೋರ್ಡಿಗೆ ನೇತು ಹಾಕಬೇಕು. ಯಾರು ಕೆಳಗಿದ್ದಾರೆ, ಯಾರು ಮೇಲೆ ಬಂದರು ಎಂಬುದಕ್ಕೆ ಅದೇ ಲೆಕ್ಕ. ಆಮೇಲೆ ಕೇಜಿನಲ್ಲಿ ಗಣಿ ಕೆಲಸದವರ ಜೊತೆ ಭುಜಕ್ಕೆ ಭುಜ ಒತ್ತಿ ನಿಲ್ಲಬೇಕು. ಕೇಜ್ ನಮಗಾಗಿ ಕಾಯುವುದಿಲ್ಲ. ಮೇಲೆ ಬರುವುದೂ ಅದರದೇ ವೇಳಾಪಟ್ಟಿ. ಇಳಿಯುವಾಗ ಕಿವಿ ಪಟಪಟ ಅನ್ನುತ್ತದೆ, ಕೆಳಗೆ ಗಾಳಿಯ ಒತ್ತಡ ಕಾಲು ಭಾಗ ಜಾಸ್ತಿ. ಹೊರಗೆ ಮೈನಸ್ 25 ಡಿಗ್ರಿ ಚಳಿ ಇರುವ ದಿನವೂ ಅಲ್ಲಿನ ಬಂಡೆಯ ಬಿಸಿ 42 ಡಿಗ್ರಿ. ಕೆಸರಿನ ಸುರಂಗದಲ್ಲಿ ಒಂದೂವರೆ ಕಿಲೋಮೀಟರ್ ನಡೆದರೆ ಲ್ಯಾಬಿನ ಬಾಗಿಲು. ಅಲ್ಲಿ ಬಟ್ಟೆ ಬಿಚ್ಚಿ, ಸ್ನಾನ ಮಾಡಿ, ಲ್ಯಾಬಿನ ಬಟ್ಟೆ ತೊಟ್ಟು ಒಳಗೆ ಹೋಗಬೇಕು. ಮಡಿ ಅಂದರೆ ಏನೆಂದು ನಮ್ಮಜ್ಜಿಗೆ ಗೊತ್ತಿತ್ತು ಅಂದುಕೊಂಡಿದ್ದೆ. ಇವರ ಮುಂದೆ ಅಜ್ಜಿ ಏನೂ ಅಲ್ಲ. ಗಣಿಯ ದೂಳಿನಲ್ಲಿ ಯುರೇನಿಯಂ, ಥೋರಿಯಂ ಇರುತ್ತದೆ. ಚಿಟಿಕೆ ದೂಳು ಒಳಗೆ ಹೋದರೂ ಪ್ರಯೋಗ ಕೆಟ್ಟಂತೆ.

ಕೇಜಿನಲ್ಲಿ ಮೊದಲ ಸಲ ಇಳಿದ ದಿನ ಊರಿನ ನೆನಪಾಯಿತು. ನಮ್ಮ ದೇಶದಲ್ಲಿ 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಗಣಿ ಕೆಲಸಕ್ಕೆ ಬಿಡುತ್ತಿರಲಿಲ್ಲ. 2019ರಲ್ಲಷ್ಟೇ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ದಾರಿ ಬಿಟ್ಟರು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯ ಪಕ್ಕದೂರಿನ ಹುಡುಗಿ ಗಣಿಯೊಳಗೆ ಏನಿದೆ ಎಂದು ನೋಡಲು ಭೂಮಿಯ ಆ ಕಡೆಗೆ ಹೋಗಬೇಕಾಯಿತು.

ಅಷ್ಟು ಆಳಕ್ಕೆ ಯಾಕೆ ಹೋಗಬೇಕು? ಮ್ಯೂಆನ್‌ಗಳಿಂದ ತಪ್ಪಿಸಿಕೊಳ್ಳಲು! ಊಟಿಯಲ್ಲಿ ಯಾವುದನ್ನು ಹಿಡಿಯಲು ನಾವು ಟನ್‌ಗಟ್ಟಲೆ ಉಕ್ಕು ಪೇರಿಸಿದ್ದೆವೋ, ಇಲ್ಲಿ ಅದೇ ಕಾಟ. ಸ್ನೋಲ್ಯಾಬ್‌ನಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 0.27 ಮ್ಯೂಆನ್. ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಊಟಿಯ ಪೂರ್ತಿ ಟೆಲಿಸ್ಕೋಪನ್ನು ಅಲ್ಲಿಗೆ ಇಳಿಸಿದರೆ ದಿನಕ್ಕೆ ಸಿಗುವುದು ನೂರೈವತ್ತು. 400 ಕೋಟಿ ಎಲ್ಲಿ, ನೂರೈವತ್ತು ಎಲ್ಲಿ!

ನಾನು ಸೇರಿದ ಪ್ರಯೋಗ ಪಿಕೊ. ಡಾರ್ಕ್ ಮ್ಯಾಟರ್ ಪ್ರಯೋಗಗಳಲ್ಲಿ ದೊಡ್ಡ ಹೆಸರು ದ್ರವ ಕ್ಸೆನಾನ್‌ನವರದು, ಟನ್‌ಗಟ್ಟಲೆ ಕ್ಸೆನಾನ್, ನೂರಾರು ಜನ. ಪಿಕೊ ಅದಕ್ಕಿಂತ ಚಿಕ್ಕದು, ನನ್ನ ಕಣ್ಣಿಗೆ ಚಂದ ಕೂಡ. ಸ್ಫಟಿಕದಂಥ ಗಾಜಿನ ಪಾತ್ರೆಯಲ್ಲಿ ಇಂಗಾಲ-ಫ್ಲೋರಿನ್‌ನ ಒಂದು ದ್ರವ. ಪಿಕೊ-60ರಲ್ಲಿ ಅದು 52 ಕಿಲೋ ಇತ್ತು. ಒತ್ತಡ ಇಳಿಸಿದರೆ ದ್ರವ ಕುದಿಯಬೇಕು, ಆದರೆ ಕುದಿಯುವುದಿಲ್ಲ, ತುದಿಗಾಲಲ್ಲಿ ನಿಂತಿರುತ್ತದೆ. ಯಾವುದಾದರೂ ಕಣ ಬಂದು ಒಂದು ನ್ಯೂಕ್ಲಿಯಸ್‌ಗೆ ಗುದ್ದಿದರೆ ಆ ಜಾಗದಲ್ಲಿ ಒಂದು ಗುಳ್ಳೆ ಏಳುತ್ತದೆ. ಕ್ಯಾಮೆರಾ ಚಿತ್ರ ತೆಗೆಯುತ್ತದೆ. ತಕ್ಷಣ ಒತ್ತಡ ಏರಿಸಿ ಗುಳ್ಳೆಯನ್ನು ಅದುಮಬೇಕು, ಮತ್ತೆ ಕಾಯಬೇಕು. ಗಾಮಾ ಕಿರಣಗಳು ಹಾದು ಹೋದರೂ ಈ ದ್ರವ ಕ್ಯಾರೇ ಅನ್ನುವುದಿಲ್ಲ, ಅದೇ ಇದರ ದೊಡ್ಡ ಗುಣ.

ನನ್ನ ಕೆಲಸ ಗುಳ್ಳೆಗಳ ಸದ್ದು ಕೇಳುವುದು. ಪಾತ್ರೆಯ ಹೊರಗೋಡೆಗೆ ಸದ್ದು ಹಿಡಿಯುವ ಪೀಜೋ ಸೆನ್ಸರ್‌ಗಳನ್ನು ಅಂಟಿಸಿರುತ್ತಾರೆ. ರೇಡಾನ್‌ನಂಥ ವಿಕಿರಣಶೀಲ ಪರಮಾಣುಗಳಿಂದ ಬರುವ ಆಲ್ಫಾ ಕಣದಿಂದಲೂ ಗುಳ್ಳೆ ಏಳುತ್ತದೆ, ಕ್ಯಾಮೆರಾಕ್ಕೆ ಎರಡೂ ಒಂದೇ. ಆದರೆ ಆಲ್ಫಾದ ಗುಳ್ಳೆ ಹೆಚ್ಚು ಸದ್ದು ಮಾಡುತ್ತದೆ. ಕಂಪ್ಯೂಟರಿನಲ್ಲಿ ಆ ಸದ್ದನ್ನು ಕಿವಿಗೆ ಕೇಳುವ ಹಾಗೆ ಮಾಡಿಕೊಂಡು ಹೆಡ್‌ಫೋನ್ ಹಾಕಿ ಕೂರುತ್ತಿದ್ದೆ. ಒಂದು ಟಕ್, ಇನ್ನೊಂದು ಟಿಕ್. ಇದರಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ, ನಿಜವಾದ ವಿಶ್ಲೇಷಣೆ ಸಂಖ್ಯೆಗಳಲ್ಲೇ ನಡೆಯುತ್ತದೆ. ಆದರೂ ಕೇಳಿದ ಮೇಲೆ ಸಂಖ್ಯೆಗಳ ಮೇಲೆ ನಂಬಿಕೆ ಬೇರೆ ರೀತಿ ಬರುತ್ತದೆ.

2017ರಲ್ಲಿ ಪ್ರಕಟವಾದ ಪಿಕೊ-60ರ ಫಲಿತಾಂಶ ಓದಿಯೇ ನಾನು ಅರ್ಜಿ ಹಾಕಿದ್ದು. ವಿಶ್ಲೇಷಣೆಯ ನಿಯಮಗಳನ್ನೆಲ್ಲ ಮೊದಲೇ ಗಟ್ಟಿ ಮಾಡಿ, ಅಲ್ಲಿಯವರೆಗೆ ಸದ್ದಿನ ಡೇಟಾವನ್ನು ಮುಚ್ಚಿಟ್ಟಿದ್ದರು. ನಮಗೆ ಬೇಕಾದ ಹಾಗೆ ಲೆಕ್ಕ ಬಾಗಿಸಬಾರದು ಎಂದು ಈ ಕಟ್ಟುನಿಟ್ಟು. ತೆರೆದು ನೋಡಿದಾಗ ಡಾರ್ಕ್ ಮ್ಯಾಟರ್ ಇರಬಹುದಾದ ಗುಳ್ಳೆಗಳು ಸೊನ್ನೆ. ಇನ್ನಷ್ಟು ಡೇಟಾ ಸೇರಿಸಿ 2019ರಲ್ಲಿ ಕೊಟ್ಟ ಅಂತಿಮ ಫಲಿತಾಂಶದಲ್ಲಿ ಮೂರು ಗುಳ್ಳೆ ಇದ್ದವು, ನ್ಯೂಟ್ರಾನ್ ಮುಂತಾದವುಗಳಿಂದ ಅಷ್ಟು ಬರಬಹುದೆಂಬ ಲೆಕ್ಕ ಮೊದಲೇ ಇತ್ತು. ಅಂದರೆ ಸಿಕ್ಕಿಲ್ಲ. ಆದರೆ "ಸಿಕ್ಕಿಲ್ಲ" ಎಂದು ಹೇಳಿ ಮನೆಗೆ ಹೋಗುವಂತಿಲ್ಲ. ಡಾರ್ಕ್ ಮ್ಯಾಟರ್ ಕಣ ಇದ್ದರೆ ಅದು ಪ್ರೋಟಾನ್‌ಗೆ ಇಷ್ಟಕ್ಕಿಂತ ಹೆಚ್ಚಾಗಿ ತಗುಲುವುದಿಲ್ಲ ಎಂದು ಒಂದು ಗೆರೆ ಎಳೆಯಬೇಕು. ಆ ಗೆರೆಯನ್ನು ಒಂದಿಷ್ಟು ಕೆಳಗಿಳಿಸುವುದಕ್ಕೆ ವರ್ಷಗಳ ಕೆಲಸ.

ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದರು. "ಏನೇ, ಸಿಕ್ತಾ?"

"ಇಲ್ಲಮ್ಮ."

"ಎಲ್ಲ ಕಡೆ ಇದೆ ಅಂತೀಯ, ಒಂದೂ ಸಿಗಲ್ವಾ?"

ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ನಕ್ಷತ್ರಗಳ ಓಟ ನೋಡಿ ಲೆಕ್ಕ ಹಾಕಿದರೆ ನಮ್ಮ ಸುತ್ತ ಡಾರ್ಕ್ ಮ್ಯಾಟರ್ ಒಂದು ಘನ ಸೆಂಟಿಮೀಟರಿಗೆ ಸುಮಾರು 0.3 ಜಿಇವಿ, ಅಂದರೆ ಒಂದು ಪ್ರೋಟಾನಿನ ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು, ಇದೆ. ಕಣ ಪ್ರೋಟಾನಿಗಿಂತ ನೂರು ಪಟ್ಟು ಭಾರವಿದ್ದರೆ ಒಂದು ಲೀಟರ್ ಚೊಂಬಿನಲ್ಲಿ ಯಾವಾಗಲೂ ಮೂರು ಇರುತ್ತವೆ. ಇದ್ದರೂ ಯಾವುದಕ್ಕೂ ತಾಗದೆ ಹಾದು ಹೋಗುತ್ತವೆ, ಅದೇ ಸಮಸ್ಯೆ. ಅಮ್ಮ ಇದನ್ನು ಪಕ್ಕದ ಮನೆಯವರಿಗೆ ಹೇಗೆ ಹೇಳಿದರೋ, ಮುಂದಿನ ಸಲ ಊರಿಗೆ ಹೋದಾಗ ಅವರು ನನ್ನನ್ನು ದೆವ್ವ ಹಿಡಿಯುವವಳ ಹಾಗೆ ನೋಡಿದರು.

ವಾಪಸ್ ಬಂದು ಕೆಲಸ ಹುಡುಕಿದ ಕಾಲವೇ ಕಷ್ಟದ್ದು. ಕೋವಿಡ್, ಮುಂದೂಡಿದ ಸಂದರ್ಶನಗಳು, ಫೆಲೋಶಿಪ್‌ಗಳ ವಯಸ್ಸಿನ ಮಿತಿ ಎಲ್ಲ ಒಟ್ಟಿಗೆ ಬಂದವು. ನಮ್ಮ ಕ್ಷೇತ್ರದ ದೊಡ್ಡ ತೊಡಕು ಪೇಪರುಗಳು. ಐವತ್ತು, ನೂರು ಹೆಸರು, ಅದೂ ಅಕಾರಾದಿಯಲ್ಲಿ. ಒಂದು ಕಡೆ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಪಟ್ಟಿ ಎತ್ತಿ ಹಿಡಿದು, "ಇದರಲ್ಲಿ ನೀವೆಲ್ಲಿದ್ದೀರಿ?" ಎಂದರು. ಪ್ರಶ್ನೆ ಒರಟು, ಆದರೆ ನ್ಯಾಯವಾದದ್ದೇ. ಸದ್ದಿನ ವಿಶ್ಲೇಷಣೆಯ ಯಾವ ಭಾಗ ನನ್ನದು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮುಂದಿನ ಪ್ರಶ್ನೆ, "ಸಿಗದಿರುವುದರ ಮೇಲೆ ಇನ್ನೆಷ್ಟು ವರ್ಷ?" ಅದಾದ ಮೇಲೆ, ಮಗು ಚಿಕ್ಕದಲ್ಲವೇ, ಗಣಿಗೆಲ್ಲ ಹೋಗಲು ಆಗುತ್ತಾ ಎಂದು. ನನ್ನ ಜೊತೆ ಕಾಯುತ್ತಿದ್ದ ಗಂಡಸರಿಗೂ ಚಿಕ್ಕ ಮಕ್ಕಳಿದ್ದರು. ಅವರನ್ನು ಕೇಳಿದರಾ ಎಂದು ಹೊರಗೆ ಬಂದು ವಿಚಾರಿಸಿದೆ. ಇಲ್ಲ. ಕೆಲಸವೂ ಸಿಗಲಿಲ್ಲ. ಸಿಟ್ಟು ಇನ್ನೂ ಇದೆ.

ಈ ದಾರಿಗೆ ಬರುವವರು ಎರಡನೇ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡಿರಬೇಕು. ನನ್ನ ಉತ್ತರ ಕೆಜಿಎಫ್‌ನಿಂದ ಬರುತ್ತದೆ. 1965ರಲ್ಲಿ ಒಂದೊಂದು ನ್ಯೂಟ್ರಿನೋ ಗುರುತೂ ಬಂಗಾರ. ಈಗ ದೊಡ್ಡ ಕ್ಸೆನಾನ್ ಪ್ರಯೋಗಗಳಿಗೆ ಬೇಡದ ಅತಿಥಿ ಯಾರು ಅಂದರೆ ಅದೇ ನ್ಯೂಟ್ರಿನೋ. ಸೂರ್ಯನಿಂದ ಬರುವ ನ್ಯೂಟ್ರಿನೋಗಳು ಥೇಟ್ ಡಾರ್ಕ್ ಮ್ಯಾಟರ್ ಥರ ಸಣ್ಣ ಗುದ್ದು ಕೊಡುತ್ತವೆ. 2024ರಲ್ಲಿ ಇಟಲಿಯ ಕ್ಸೆನಾನ್-ಎನ್‌ಟಿ, ಚೀನಾದ ಪಾಂಡಾ-ಎಕ್ಸ್ ಎರಡೂ ಇದರ ಮೊದಲ ಸುಳಿವು ಕಂಡವು. ಒಂದು ಪ್ರಯೋಗದವರ ಕಸವೇ ಇನ್ನೊಬ್ಬರ ಫಲಿತಾಂಶ, ಗುಡುಗಿನ ಮೋಡದ ಹಾಗೆ. ಕಸವನ್ನು ಚೆನ್ನಾಗಿ ಅರಿತವರಿಗೆ ಕೆಲಸ ಇದ್ದೇ ಇರುತ್ತದೆ ಎಂದು ಸಮಿತಿಗಳಿಗೆ ಹೇಳುತ್ತಾ ಹೋದೆ. ಕೊನೆಗೆ ಒಂದು ಸಮಿತಿ ಒಪ್ಪಿತು.

ಈಗ ಬೆಂಗಳೂರಿನ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ವಾರದಲ್ಲಿ ಬಹಳಷ್ಟು ಹೊತ್ತು ತರಗತಿ, ಉತ್ತರ ಪತ್ರಿಕೆ, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಫೈಲುಗಳಿಗೆ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಹಳೆಯ ತಂಡಗಳ ಜೊತೆ ವಿಶ್ಲೇಷಣೆ. ಎಂಎಸ್ಸಿ ಮಕ್ಕಳ ಜೊತೆ ಸಣ್ಣ ಮ್ಯೂಆನ್ ಡಿಟೆಕ್ಟರ್ ಮಾಡುತ್ತಿದ್ದೇವೆ. ಕಣ ಹಾದರೆ ಮಿನುಗುವ, ಅಂಗೈ ಅಗಲದ ಪ್ಲಾಸ್ಟಿಕ್ ಸಿಂಟಿಲೇಟರ್, ಅದಕ್ಕೆ ಅಂಟಿಸಿದ ಒಂದು ಸಣ್ಣ ಬೆಳಕಿನ ಸೆನ್ಸರ್, ಸುತ್ತ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕಪ್ಪು ಟೇಪು. ಬೆಳಕು ಸೋರುತ್ತದೆಯೇ ಎಂದು ಮೊಬೈಲ್ ಟಾರ್ಚ್ ಹಾಕಿ ಮೂಲೆ ಮೂಲೆ ನೋಡಬೇಕು. ಲೆಕ್ಕ ಜಿಗಿದರೆ ಅಲ್ಲಿ ಇನ್ನೊಂದು ಸುತ್ತು ಟೇಪು. ನೆಲಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಒಂದು ಮ್ಯೂಆನ್, ಅದಕ್ಕೆ ಹತ್ತಿರ ಬಂದರೆ ಮಕ್ಕಳ ಮುಖ ನೋಡಬೇಕು.

ಆ ಸೆನ್ಸರ್ ಕೊಳ್ಳುವುದು ಇನ್ನೊಂದು ಪುರಾಣ. ನಾವು ಕೊಳ್ಳುವಾಗ, ಸರ್ಕಾರಿ ದುಡ್ಡಾದರೆ ಮೊದಲು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಹುಡುಕಬೇಕಿತ್ತು. ಅಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಹುಡುಕಿ, ಸಿಗಲಿಲ್ಲ ಎಂಬ ವರದಿ ತೆಗೆದು ಫೈಲಿಗೆ ಹಾಕಿದ ಮೇಲೆಯೇ ಹೊರಗೆ ಕೊಳ್ಳಬಹುದಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಆ ವರದಿಯ ಪ್ರಿಂಟ್ ತಂದುಕೊಟ್ಟು, "ಮೇಡಂ, ಇದೂ ನಿಮ್ಮ ಡಾರ್ಕ್ ಮ್ಯಾಟರ್ ಪೇಪರ್ ಥರಾನೇ ಇದೆ" ಎಂದಳು.

ಮುಂದಿನ ಯೋಜನೆ ಅವರದೇ. ಡಿಟೆಕ್ಟರನ್ನು ನಂದಿ ಬೆಟ್ಟಕ್ಕೆ ಒಯ್ದು ಲೆಕ್ಕ ಎಷ್ಟು ಏರುತ್ತದೆ ನೋಡುವುದು, ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ಒಯ್ದು ಎಷ್ಟು ಇಳಿಯುತ್ತದೆ ನೋಡುವುದು. ನಂದಿಗೆ ಬಸ್ಸು ಸಾಕು. ಮೆಟ್ರೊಗೆ ಕಪ್ಪು ಟೇಪು ಸುತ್ತಿ ವೈರು ಹೊರಬಿಟ್ಟ ಡಬ್ಬಿಯನ್ನು ಹಿಡಿದು ಹೋದರೆ ಸ್ಕ್ಯಾನರಿನ ಹತ್ತಿರವೇ ನಮ್ಮನ್ನು ಕೂರಿಸುತ್ತಾರೆ, ಕೂರಿಸಲೇಬೇಕು. ಹಾಗಾಗಿ ಅನುಮತಿ ಪತ್ರ ಬರೆಯುತ್ತಿದ್ದೇವೆ. "ಮ್ಯೂಆನ್" ಎಂಬುದನ್ನು ಪತ್ರದಲ್ಲಿ ಹೇಗೆ ವಿವರಿಸಬೇಕು ಎಂಬುದರ ಮೇಲೆ ಸದ್ಯ ಚರ್ಚೆ ನಡೆದಿದೆ. "ಕಿರಣ" ಎಂಬ ಮಾತೇ ಬೇಡ ಎಂದು ಒಬ್ಬ ಹಟ ಹಿಡಿದಿದ್ದಾನೆ.